ಕೂದಲು ಒರಟಾದರೆ ತಪ್ಪು ಸಿಲಿಕೋನಿನದ್ದಾ? ಬಾಟಲಿ ಎಸೆಯುವ ಮೊದಲು ಹೀಗೆ ಪರೀಕ್ಷಿಸಿ

ಜುಲೈ ಬಂತೆಂದರೆ ಕೊಡಗಿನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಗೋಡೆ ತೇವ ಹಿಡಿಯುತ್ತದೆ, ಡಬ್ಬಿಯೊಳಗಿನ ಉಪ್ಪು ನೀರು ಬಿಡುತ್ತದೆ. ಮಡಿಕೇರಿ, ಭಾಗಮಂಡಲದ ಕಡೆ ಹೆಣ್ಣುಮಕ್ಕಳು ಕೂದಲು ತುಂಬಾ ಡ್ರೈ ಆಗಿದೆ ಎಂದು ದೂರುವುದೂ ಇದೇ ಕಾಲದಲ್ಲಿ. ಗಾಳಿಯಲ್ಲೇ ಇಷ್ಟೊಂದು ನೀರಿರುವಾಗ ಕೂದಲು ಒಣಗಲು ಹೇಗೆ ಸಾಧ್ಯ?

ಉತ್ತರವಾಗಿ ಒಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಶಾಂಪೂ, ಕಂಡೀಷನರ್, ಸೀರಂಗಳಲ್ಲಿ ನಯ, ಹೊಳಪಿಗೆಂದು ಸೇರಿಸುವ ಸಿಲಿಕೋನ್ ಎಂಬ ಪದಾರ್ಥ ಕೂದಲಿಗೆ ಪ್ಲಾಸ್ಟಿಕ್ ಸುತ್ತುತ್ತದೆ, ನೀರು ಒಳಗೆ ಹೋಗಲು ಬಿಡುವುದಿಲ್ಲ, ಅದಕ್ಕೇ ಕೂದಲು ಒಣಗುತ್ತದೆ ಅಂತ. ಇದರಲ್ಲಿ ನಿಜ ಸ್ವಲ್ಪ, ತಪ್ಪು ಜಾಸ್ತಿ. ಇದನ್ನು ನಂಬಿ ಚೆನ್ನಾಗಿರುವ ಕಂಡೀಷನರ್ ಎಸೆದು, ಆಮೇಲೆ ಸಿಕ್ಕುಗಟ್ಟಿದ ಕೂದಲನ್ನು ಬಾಚಣಿಗೆಯಿಂದ ಕಿತ್ತುಕೊಳ್ಳುವವರನ್ನು ನೋಡಿದರೆ ಬೇಸರವಾಗುತ್ತದೆ. ಸಿಲಿಕೋನ್ ನಿಮ್ಮ ಕೂದಲಿಗೆ ಹೊಂದುತ್ತದೋ ಇಲ್ಲವೋ ಎಂದು ಮನೆಯಲ್ಲೇ ತಿಳಿದುಕೊಳ್ಳಬಹುದು.

ಮೊದಲು ಒಂದು ಕೂದಲನ್ನು ಬೆರಳಲ್ಲಿ ಹಿಡಿಯಿರಿ

ಬಾಚಣಿಗೆಯಲ್ಲಿ ಉಳಿದ ಒಂದು ಉದ್ದ ಕೂದಲು ತೆಗೆದುಕೊಳ್ಳಿ. ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳನ್ನು ಬುಡದಿಂದ ತುದಿಗೆ ಎಳೆಯಿರಿ. ನುಣ್ಣಗೆ ಜಾರುತ್ತದೆ. ಈಗ ತುದಿಯಿಂದ ಬುಡಕ್ಕೆ ಎಳೆಯಿರಿ. ಸಣ್ಣಗೆ ತಡೆದು ತಡೆದು ಬರುತ್ತದೆ, ಅಲ್ವಾ? ಕೂದಲಿನ ಹೊರಪದರದಲ್ಲಿ ಸೂಕ್ಷ್ಮ ಪೊರೆಗಳು ಮನೆ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಜೋಡಿಸಿಕೊಂಡಿವೆ. ಅವುಗಳ ಬಾಯಿ ತುದಿಯ ಕಡೆಗಿದೆ.

ಹೊಸ ಕೂದಲಿನ ಈ ಪೊರೆಗಳ ಮೇಲೆ ಬಹಳ ತೆಳುವಾದ ಒಂದು ಕೊಬ್ಬಿನ ಲೇಪ ಹುಟ್ಟಿನಿಂದಲೇ ಇರುತ್ತದೆ. ನೀರು ಬಿದ್ದರೆ ಜಾರಿ ಹೋಗುವುದು ಅದರಿಂದಲೇ. ಬ್ಲೀಚ್, ಬಣ್ಣ, ಸ್ಟ್ರೈಟನಿಂಗ್, ಬಿಸಿಲು, ದಿನಾ ಬಾಚುವುದು ಎಲ್ಲ ಸೇರಿ ಆ ಲೇಪವನ್ನು ಸವೆಸುತ್ತವೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಜಡೆಯ ತುದಿಗೆ ಹತ್ತಿರ ಹತ್ತಿರ 5 ವರ್ಷ ವಯಸ್ಸು. ಬುಡ ನಯವಾಗಿದ್ದು ತುದಿ ಮಾತ್ರ ಒರಟಾಗಿರುವುದು ಇದೇ ಕಾರಣಕ್ಕೆ.

ಇಂಥ ಸವೆದ ಕೂದಲು ಮಳೆಗಾಲದ ಗಾಳಿಯಿಂದ ಬೇಗ ನೀರು ಹೀರುತ್ತದೆ. ಪೂರ್ತಿ ನೆನೆದ ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ನೀರು ಹಿಡಿಯಬಲ್ಲದು. ಆಗ ಉದ್ದ ಹೆಚ್ಚುವುದು ಶೇ 1ರಿಂದ 2 ಅಷ್ಟೇ, ಆದರೆ ದಪ್ಪ ಶೇ 15ರಷ್ಟು ಹೆಚ್ಚುತ್ತದೆ. ಊದಿದ ಕೂದಲಿನ ಪೊರೆಗಳು ಎದ್ದು ನಿಲ್ಲುತ್ತವೆ. ಒಂದು ಎಳೆ ಪಕ್ಕದ ಎಳೆಯ ಜೊತೆ ಹೊಂದಿಕೊಂಡು ಕೂರುವುದಿಲ್ಲ. ಕೆದರುತ್ತದೆ, ಸಿಕ್ಕಾಗುತ್ತದೆ. ಕೈಯಾಡಿಸಿದರೆ ಒರಟು. ಆ ಒರಟನ್ನೇ ನಾವು ಡ್ರೈ ಅನ್ನುತ್ತೇವೆ. ಕೂದಲಿನೊಳಗೆ ಆ ಹೊತ್ತಿನಲ್ಲಿ ನೀರು ಜಾಸ್ತಿಯೇ ಇರುತ್ತದೆ!

ಕಾಫಿ ಕೊಯ್ಲಿನ ದಿನಗಳಲ್ಲಿ, ಡಿಸೆಂಬರಿನಿಂದ ಫೆಬ್ರುವರಿವರೆಗೆ, ಕಥೆ ಬೇರೆ. ಬಯಲಿಗೆ ಹತ್ತಿರದ ಕುಶಾಲನಗರದ ಕಡೆ ಹಗಲಿನ ಗಾಳಿ ಒಣಗಿರುತ್ತದೆ. ಕೂದಲಿನಿಂದ ನೀರು ನಿಜವಾಗಿಯೂ ಹೊರಗೆ ಹೋಗುತ್ತದೆ, ಬಾಚಿದರೆ ಚಿಟಪಟ ಅನ್ನುತ್ತದೆ. ಎರಡೂ ಕಾಲದಲ್ಲಿ ಬಾಯಿಗೆ ಬರುವ ದೂರು ಒಂದೇ, ಕಾರಣ ಮಾತ್ರ ಬೇರೆ ಬೇರೆ.

ಸಿಲಿಕೋನ್ ಮಾಡುವ ಕೆಲಸ ಏನು?

ಸಿಲಿಕೋನ್ ಕೂದಲಿಗೆ ನೀರು ಕೊಡುವುದಿಲ್ಲ. ಕೂದಲಿನಿಂದ ನೀರು ಹೀರುವುದೂ ಇಲ್ಲ. ಸವೆದ ಪೊರೆಗಳ ಮೇಲೆ ತೆಳುವಾಗಿ ಹರಡಿ, ಎಳೆಗೂ ಎಳೆಗೂ ನಡುವಿನ ಉಜ್ಜಾಟ ಕಡಿಮೆ ಮಾಡುತ್ತದೆ. ಬಾಚಣಿಗೆ ಸಲೀಸಾಗಿ ಇಳಿಯುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ, ಹೊಳಪು ಬರುತ್ತದೆ. ಪ್ಲಾಸ್ಟಿಕ್ ಸುತ್ತಿದ ಹಾಗೆ ಎಂಬ ಮಾತು ಸರಿಯಲ್ಲ. ಸಿಲಿಕೋನ್ ಪದರ ನೀರಿನ ಹನಿಯನ್ನು ತಳ್ಳಿದರೂ ನೀರಾವಿಯನ್ನು ಸಲೀಸಾಗಿ ಹಾಯಲು ಬಿಡುತ್ತದೆ. ಕೂದಲು ಉಸಿರಾಡುವುದಿಲ್ಲ ಎಂಬ ಭಯವೂ ಬೇಡ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಜೀವ ಇರುವುದು ಬುಡದಲ್ಲಿ.

ಹಾಗಾದರೆ ಸಿಲಿಕೋನ್ ಹಚ್ಚಿದವರಿಗೆ ಕೂದಲು ಒಣಗಿದ ಹಾಗೆ ಅನ್ನಿಸುವುದು ಸುಳ್ಳಾ? ಸುಳ್ಳಲ್ಲ. ಕೆಲವು ಬಗೆಯ ಸಿಲಿಕೋನ್ ನೀರಿಗೆ ಹೋಗುವುದಿಲ್ಲ. ಮೆದು ಶಾಂಪೂ ಮಾತ್ರ ಬಳಸಿ, ಅದರ ಮೇಲೆ ದಿನಾ ಸೀರಂ ಹಚ್ಚುತ್ತಾ ಹೋದರೆ ಪದರ ಕಟ್ಟುತ್ತದೆ. ಕೂದಲು ಭಾರವಾಗುತ್ತದೆ, ಮಂಕಾಗುತ್ತದೆ. ಆಮೇಲೆ ಹಚ್ಚಿದ ಕಂಡೀಷನರ್ ಸರಿಯಾಗಿ ಅಂಟುವುದಿಲ್ಲ. ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ: ಸಿಲಿಕೋನ್ ನಿಲ್ಲಿಸಿದ ಕೂಡಲೇ ಅದು ಮುಚ್ಚಿಟ್ಟಿದ್ದ ಹಳೆಯ ಸವೆತ ಬಯಲಿಗೆ ಬರುತ್ತದೆ. ಸಿಲಿಕೋನೇ ಹಾಳು ಮಾಡಿತು ಎಂದು ಆಗ ಅನ್ನಿಸುತ್ತದೆ. ಆ ಸವೆತ ಬ್ಲೀಚ್ ಮತ್ತು ಕಾದ ಇಸ್ತ್ರಿಯ ಕೆಲಸ.

ಈಗ ಬಾಟಲಿ ತಿರುಗಿಸಿ

ಹಿಂಬದಿಯಲ್ಲಿ ಸಣ್ಣ ಅಕ್ಷರದ ಪಟ್ಟಿ ಇರುತ್ತದೆ. ಶೇ 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳು ಪ್ರಮಾಣದ ಪ್ರಕಾರ ಮೊದಲು ಬರುತ್ತವೆ, ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಅಂಗಡಿಯಲ್ಲಿ ಸರದ ಹಾಗೆ ತೂಗುಹಾಕಿದ ಪುಟ್ಟ ಸ್ಯಾಶೆಗಳಲ್ಲಿ ಈ ಪಟ್ಟಿ ಇಲ್ಲದಿರಬಹುದು. ಅದೇ ಕಂಪನಿಯ ದೊಡ್ಡ ಬಾಟಲಿ ನೋಡಿ.

ಹೆಸರಿನ ಕೊನೆಯಲ್ಲಿ ಕೋನ್, ಕೋನಾಲ್ ಅಥವಾ ಸಿಲೋಕ್ಸೇನ್ ಬಂದರೆ ಅದು ಸಿಲಿಕೋನ್. ಡೈಮೆಥಿಕೋನ್ ಮತ್ತು ಡೈಮೆಥಿಕೋನಾಲ್ ನೀರಿನಲ್ಲಿ ಕರಗುವುದಿಲ್ಲ, ಪದರ ಕಟ್ಟುವ ಸಾಧ್ಯತೆ ಇವುಗಳಿಂದ ಜಾಸ್ತಿ. ಹೆಸರಿನ ಮುಂದೆ ಪಿಇಜಿ ಮತ್ತು ಒಂದು ಸಂಖ್ಯೆ ಇದ್ದರೆ, ಉದಾಹರಣೆಗೆ ಪಿಇಜಿ-12 ಡೈಮೆಥಿಕೋನ್, ಅದು ನೀರಿನಲ್ಲಿ ಸುಲಭವಾಗಿ ತೊಳೆದು ಹೋಗುತ್ತದೆ. ಸೈಕ್ಲೋಪೆಂಟಾಸಿಲೋಕ್ಸೇನ್ ಸೀರಂಗಳಲ್ಲಿ ಬರುತ್ತದೆ. ಉಳಿದವನ್ನು ಹರಡಿ ತಾನು ಗಾಳಿಗೆ ಆರಿಹೋಗುತ್ತದೆ.

ನನ್ನ ಮೆಚ್ಚುಗೆ ಅಮೋಡೈಮೆಥಿಕೋನ್‌ಗೆ. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ, ಅಮೋಡೈಮೆಥಿಕೋನ್‌ಗೆ ಧನ ವಿದ್ಯುದಂಶ. ಹಾಗಾಗಿ ಎಲ್ಲಿ ಪೆಟ್ಟಾಗಿದೆಯೋ ಅಲ್ಲೇ ಹೋಗಿ ಕೂರುತ್ತದೆ. ಒಮ್ಮೆ ಕೂತ ಮೇಲೆ ತನ್ನದೇ ಜಾತಿಯ ಇನ್ನೊಂದು ಕಣವನ್ನು ದೂರ ತಳ್ಳುತ್ತದೆ, ಪದರದ ಮೇಲೆ ಪದರ ಕಟ್ಟುವುದು ಕಡಿಮೆ. ಬಣ್ಣ ಹಾಕಿಸಿದ, ಸ್ಟ್ರೈಟನಿಂಗ್ ಮಾಡಿಸಿದ ಕೂದಲಿಗೆ ಇದಿರುವ ಕಂಡೀಷನರ್ ಹುಡುಕಿ.

ಪಟ್ಟಿಯಲ್ಲಿ ಸೀಟೈಲ್ ಅಥವಾ ಸೀಟಿಯರಿಲ್ ಆಲ್ಕೊಹಾಲ್ ಕಂಡರೆ ಗಾಬರಿಯಾಗಬೇಡಿ. ಅದು ಮೇಣದಂಥ ಕೊಬ್ಬು, ಕೂದಲನ್ನು ಮೆತ್ತಗೆ ಮಾಡುತ್ತದೆ.

ಪದರ ಕಟ್ಟಿದೆಯಾ? ಒಂದು ಸಲ ಪೂರ್ತಿ ತೊಳೆದು ನೋಡಿ

ಕೂದಲನ್ನು ನೀರಿನ ಲೋಟಕ್ಕೆ ಹಾಕಿ ಮುಳುಗುತ್ತದಾ ತೇಲುತ್ತದಾ ನೋಡುವ ಪರೀಕ್ಷೆ ಸುಮ್ನೆ. ನೀರಿನ ಮೇಲ್ಮೈ ಎಳೆತಕ್ಕೆ ಯಾವ ಕೂದಲೂ ತೇಲಬಹುದು. ಅದರ ಬದಲು ಒಂದು ದಿನ ಆಳವಾಗಿ ತೊಳೆಯುವ ಶಾಂಪೂ ಬಳಸಿ. ಕ್ಲಾರಿಫೈಯಿಂಗ್ ಎಂದು ಬರೆದಿರುತ್ತದೆ. ಸಿಗದಿದ್ದರೆ ಸೋಡಿಯಂ ಲಾರೆತ್ ಸಲ್ಫೇಟ್ ಇರುವ, ಸಿಲಿಕೋನ್ ಇಲ್ಲದ ಯಾವುದೇ ಸಾದಾ ಶಾಂಪೂ ಸಾಕು. ಹಂಡೆಯ ಕುದಿಯುವ ನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಶಾಂಪೂವನ್ನು ನೆತ್ತಿಗೆ ಹಚ್ಚಿ, ನೊರೆಯನ್ನು ಉದ್ದಕ್ಕೂ ಇಳಿಸಿ, ತೊಳೆದು, ಇನ್ನೊಮ್ಮೆ ಹಾಗೇ ಮಾಡಿ. ಆಮೇಲೆ ತುದಿಗೆ ಕಂಡೀಷನರ್ ಹಚ್ಚಲೇಬೇಕು.

ಒಣಗಿದ ಮೇಲೆ ಕೂದಲು ಹಗುರಾಗಿ, ಮೊದಲಿಗಿಂತ ನಯವಾಗಿದ್ದರೆ ಪದರ ಕಟ್ಟಿತ್ತು ಎಂದು ಅರ್ಥ. ಮೂರು ನಾಲ್ಕು ವಾರಕ್ಕೊಮ್ಮೆ ಹೀಗೆ ತೊಳೆದರೆ ಸಾಕು, ಸಿಲಿಕೋನ್ ಬಿಡಬೇಕಿಲ್ಲ. ಇನ್ನಷ್ಟು ಒರಟಾದರೆ ಸಿಲಿಕೋನ್ ನಿಮಗೆ ಉಪಕಾರವನ್ನೇ ಮಾಡುತ್ತಿತ್ತು.

ಅಡುಗೆ ಸೋಡಾ ಮಾತ್ರ ಬೇಡವೇ ಬೇಡ. ಅದು ಕ್ಷಾರ, ಪೊರೆಗಳನ್ನು ಇನ್ನೂ ಎಬ್ಬಿಸುತ್ತದೆ. ನಿಂಬೆರಸ, ವಿನೆಗರ್‌ನಿಂದ ಸಿಲಿಕೋನ್ ಹೋಗುವುದಿಲ್ಲ. ಸೀಗೆಕಾಯಿ, ಅಂಟುವಾಳ ಎಣ್ಣೆ ತೆಗೆಯಲು ಒಳ್ಳೆಯವು, ಆದರೆ ಅವುಗಳ ನೊರೆ ಮೆದು. ಸೀಗೆಕಾಯಿಯನ್ನೇ ನೆಚ್ಚಿಕೊಂಡವರು ನೀರಿಗೆ ಹೋಗದ ಸೀರಂ ದಿನಾ ಹಚ್ಚದಿರುವುದು ಒಳ್ಳೆಯದು. ನಯ ಬೇಕಿದ್ದರೆ ದಾಸವಾಳದ ಸೊಪ್ಪಿನ ಲೋಳೆ ಇದೆಯಲ್ಲ, ಅದು ನೀರಿನಲ್ಲೇ ತೊಳೆದು ಹೋಗುತ್ತದೆ.

ಅರ್ಧ ತಲೆಯ ಪರೀಕ್ಷೆ

ಇನ್ನೂ ಅನುಮಾನವಿದ್ದರೆ ಎರಡು ಜಡೆ ಹಾಕುವವರ ಹಾಗೆ ಬೈತಲೆ ತೆಗೆಯಿರಿ. ಶಾಂಪೂ ಎರಡೂ ಕಡೆಗೆ ಒಂದೇ ಇರಲಿ. ಎಡಗಡೆಗೆ ಸಿಲಿಕೋನ್ ಇರುವ ಕಂಡೀಷನರ್, ಬಲಗಡೆಗೆ ಇಲ್ಲದ್ದು. ನಾಲ್ಕೈದು ಸ್ನಾನದವರೆಗೆ ಅದಲು ಬದಲು ಮಾಡಬೇಡಿ. ಪ್ರತಿ ಸಲವೂ ಬಾಚುವಾಗ ಯಾವ ಕಡೆ ಸಿಕ್ಕು ಜಾಸ್ತಿ, ಬಾಚಣಿಗೆಯಲ್ಲಿ ಯಾವ ಕಡೆಯ ತುಂಡು ಕೂದಲು ಜಾಸ್ತಿ ಎಂದು ನೋಡಿ. ಕೂದಲಿನ ಉತ್ಪನ್ನ ತಯಾರಿಸುವವರೂ ಹೀಗೇ ಪರೀಕ್ಷಿಸುತ್ತಾರೆ. ಹವೆ, ನೀರು, ಶಾಂಪೂ ಎಲ್ಲ ಒಂದೇ ಇರುವುದರಿಂದ ವ್ಯತ್ಯಾಸ ಕಂಡರೆ ಅದು ಕಂಡೀಷನರ್‌ನದ್ದೇ.

ಕಾಲ ನೋಡಿ ಬಳಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀರಂ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕೂದಲು ಇನ್ನೂ ಸ್ವಲ್ಪ ತೇವವಿರುವಾಗ ಎರಡು ಮೂರು ಹನಿ ಅಂಗೈಯಲ್ಲಿ ಉಜ್ಜಿ, ಕಿವಿಯಿಂದ ಕೆಳಗೆ ಮಾತ್ರ ಸವರಿ. ನೆತ್ತಿಗೆ ಬೇಡ. ಒದ್ದೆ ತಲೆಯ ಮೇಲೆ ಹೆಲ್ಮೆಟ್ ಹಾಕುವುದು, ತುರುಬು ಕಟ್ಟುವುದು ಬೇಡ. ಮಳೆಗಾಲದಲ್ಲಿ ಹೇರ್ ಡ್ರೈಯರ್ ಬಳಸಲು ಹಿಂಜರಿಯಬೇಡಿ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ, ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿಟ್ಟು ಆಡಿಸುತ್ತಾ ಒಣಗಿಸಿದ ಕೂದಲಿಗಿಂತ, ತಾನಾಗಿಯೇ ನಿಧಾನವಾಗಿ ಒಣಗಿದ ಕೂದಲಿನ ಒಳಗೆ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟುಪದರಕ್ಕೆ ಜಾಸ್ತಿ ಪೆಟ್ಟಾಗಿದ್ದು ಕಂಡುಬಂತು. ತುಂಬಾ ಹೊತ್ತು ಒದ್ದೆಯಾಗಿರುವುದೂ ಕೂದಲಿಗೆ ಒಳ್ಳೆಯದಲ್ಲ. ಒಲೆಯ ಮುಂದೆ ಕೂತು ಒಣಗಿಸುವಾಗ ಶಾಖ ಎಷ್ಟು ಎಂದು ತಿಳಿಯುವುದಿಲ್ಲ, ದೂರ ಇರಿ.

ತಲೆಸ್ನಾನಕ್ಕೆ ಮೊದಲು ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಬಿಡಬೇಡಿ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರಿ ಹೋಗುವುದನ್ನು ತಗ್ಗಿಸುತ್ತದೆ ಎಂದು 2003ರ ಅಧ್ಯಯನವೊಂದು ತೋರಿಸಿದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ನಲ್ಲಿ ಆ ಗುಣ ಕಾಣಲಿಲ್ಲ. ಎಣ್ಣೆ ಒಳಗೆ, ಸಿಲಿಕೋನ್ ಹೊರಗೆ. ಎರಡಕ್ಕೂ ಜಗಳವಿಲ್ಲ.

ಸಿಲಿಕೋನ್ ಬೇಡ ಅನ್ನಲು ಗಟ್ಟಿ ಕಾರಣ ಒಂದಿದೆ, ಅದು ನೀರಿನದ್ದು. ಡಿ4, ಡಿ5 ಎಂಬ ಉಂಗುರದಾಕಾರದ ಸಿಲಿಕೋನ್‌ಗಳು ಪರಿಸರದಲ್ಲಿ ಬೇಗ ಒಡೆದು ನಾಶವಾಗುವುದಿಲ್ಲ. ತೊಳೆದು ಬಿಡುವ ಶಾಂಪೂ, ಕಂಡೀಷನರ್‌ಗಳಲ್ಲಿ ಅವು ಶೇ 0.1 ಅಥವಾ ಅದಕ್ಕಿಂತ ಜಾಸ್ತಿ ಇರಬಾರದು ಎಂದು ಯುರೋಪಿಯನ್ ಒಕ್ಕೂಟ 2020ರ ಜನವರಿ 31ರಿಂದ ನಿಯಮ ಜಾರಿಗೆ ತಂದಿದೆ. ಸೈಕ್ಲೋಪೆಂಟಾಸಿಲೋಕ್ಸೇನ್ ಅಂದರೆ ಡಿ5. ನಮ್ಮ ಬಚ್ಚಲ ನೀರು ತೋಡಿಗೆ, ತೋಡಿನಿಂದ ಕಾವೇರಿಗೆ ಸೇರುತ್ತದೆ. ಹಾಗಾಗಿ ಆ ಹೆಸರಿಲ್ಲದ ಬಾಟಲಿ ಸಿಕ್ಕರೆ ನಾನು ಅದನ್ನೇ ಕೊಳ್ಳುತ್ತೇನೆ.

ಕೂದಲು ಒರಟಾಗುವುದರ ಜೊತೆಗೆ ಬುಡದಿಂದಲೇ ಉದುರುತ್ತಿದ್ದರೆ, ನೆತ್ತಿ ಕಾಣಿಸತೊಡಗಿದರೆ, ವಿಪರೀತ ಸುಸ್ತಾಗುತ್ತಿದ್ದರೆ ಶಾಂಪೂ ಬದಲಾಯಿಸುತ್ತಾ ಕೂರಬೇಡಿ. ಥೈರಾಯ್ಡ್ ತೊಂದರೆ, ಕಬ್ಬಿಣದ ಅಂಶದ ಕೊರತೆ ಇರಬಹುದು. ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.