ನೀರು ಹತ್ತದ ಗುಡ್ಡ: ಸಾನ್ಸುಸಿ ಅರಮನೆಯಲ್ಲಿ ನನ್ನದೊಂದು ದಿನ

ಸ್ನಾತಕೋತ್ತರ ಓದಿಗೆಂದು ಬರ್ಲಿನ್ನಿಗೆ ಬಂದ ನನ್ನ ಸಹಪಾಠಿಗಳು ಮೊದಲ ತಿಂಗಳಲ್ಲೇ ನೋಡಿ ಮುಗಿಸಿದ್ದ ಸಾನ್ಸುಸಿ ಅರಮನೆಗೆ ನಾನು ಹೋದದ್ದು ಒಂದು ವರ್ಷ ಕಳೆದ ಮೇಲೆ, ಸೆಪ್ಟೆಂಬರಿನ ಒಂದು ಬುಧವಾರ. ತಡವಾದದ್ದು ಒಳ್ಳೆಯದೇ ಆಯಿತು. ಅಷ್ಟರಲ್ಲಿ ನೀರೆತ್ತುವ ಯಂತ್ರಗಳ ಪಾಠದಲ್ಲಿ ಈ ಅರಮನೆಯ ಕಾರಂಜಿಯ ಪ್ರಸ್ತಾಪ ಬಂದಿತ್ತು. ಹಾಗಾಗಿ ಅರಮನೆಯನ್ನು ಬಾಗಿಲಿನಿಂದಲ್ಲ, ಅದರ ಪಂಪ್‌ಹೌಸಿನಿಂದ ನೋಡುತ್ತ ಹೋಗಬೇಕೆಂದು ನಿಶ್ಚಯಿಸಿದೆ. ಸೋಮವಾರ ಅರಮನೆಗೆ ರಜೆ. ಒಳಗೆ ಹೋಗುವ ಟಿಕೆಟ್ಟಿನಲ್ಲಿ ಗಂಟೆ-ನಿಮಿಷ ನಮೂದಾಗಿರುತ್ತದೆ ಎಂಬುದನ್ನು ತಿಳಿದು, ಮಧ್ಯಾಹ್ನ ಎರಡೂವರೆಯ ಸಮಯವನ್ನು ಮುಂಚಿತವಾಗಿ ಕಾದಿರಿಸಿದ್ದೆ. ಅರಮನೆಯಿರುವ ಪಾಟ್ಸ್‌ಡಾಮ್ ನಗರ ಪ್ರಯಾಣದರದ ಸಿ ವಲಯಕ್ಕೆ ಸೇರಿದ್ದು, ಬರ್ಲಿನ್ನಿನ ಎ-ಬಿ ಟಿಕೆಟ್ ಅಲ್ಲಿಗೆ ಸಾಲದು. ನನ್ನ ಬಳಿ ವಿದ್ಯಾರ್ಥಿ ಪಾಸ್ ಇದ್ದುದರಿಂದ ಆ ಚಿಂತೆ ಇರಲಿಲ್ಲ.

ರೈಲುನಿಲ್ದಾಣದಿಂದ ಹೆಚ್ಚಿನವರು 695ನೇ ಸಂಖ್ಯೆಯ ಬಸ್ಸು ಹತ್ತಿ ನೇರವಾಗಿ ಅರಮನೆಗೆ ಹೋಗುತ್ತಾರೆ. ನಾನು ಸೇತುವೆ ದಾಟಿ ಹಾಫೆಲ್ ನದಿಯ ದಂಡೆಯತ್ತ ನಡೆದೆ. ಇಪ್ಪತ್ತು ನಿಮಿಷದ ನಡಿಗೆಯ ಕೊನೆಗೆ, ಪಟ್ಟೆಪಟ್ಟೆ ಗೋಡೆ, ಗುಮ್ಮಟ, ಮಿನಾರು ಎಲ್ಲವೂ ಇರುವ ಮಸೀದಿಯೊಂದು ಎದುರಾಯಿತು. ಅದು ಮಸೀದಿಯಲ್ಲ, ಉಗಿಯಂತ್ರದ ಮನೆ. ಮಿನಾರು ಅದರ ಹೊಗೆಕೊಳವೆ. ಹಿಂದಿನ ಜರ್ಮನ್ ರಾಜ್ಯ ಪ್ರಷ್ಯಾದ ನಾಲ್ಕನೆಯ ಫ್ರೀಡ್ರಿಶ್ ವಿಲ್ಹೆಲ್ಮ್ ದೊರೆಗಾಗಿ ಲುಡ್ವಿಗ್ ಪೆರ್ಸಿಯುಸ್ ಎಂಬ ವಾಸ್ತುಶಿಲ್ಪಿ ಇದನ್ನು ಕಟ್ಟಿದ. ಒಳಗಿದ್ದ ಸುಮಾರು 80 ಅಶ್ವಶಕ್ತಿಯ ಯಂತ್ರ ಬೋರ್ಸಿಗ್ ಕಾರ್ಖಾನೆಯದು. ಗೋಳಗುಮ್ಮಟದ ಊರಾದ ವಿಜಯಪುರದಲ್ಲಿ ಬೆಳೆದ ನನಗೆ, ಗುಮ್ಮಟದ ಕೆಳಗೆ ಪಂಪು ಕೂರಿಸಿದ್ದು ಮೊದಲು ನಗೆ ತರಿಸಿತು. ಆದರೆ ಕಟ್ಟಡವನ್ನು ಒಂದು ಸುತ್ತು ಹಾಕಿದಾಗ, ಹೊಗೆಕೊಳವೆಯನ್ನು ಮರೆಮಾಚಲು ಇದಕ್ಕಿಂತ ಜಾಣ ಉಪಾಯ ನನಗೂ ಹೊಳೆಯಲಿಲ್ಲ. ಈಗ ನೀರೆತ್ತುವ ಕೆಲಸ ವಿದ್ಯುತ್ ಪಂಪುಗಳದ್ದು.

ಅಲ್ಲಿಂದ ಉದ್ಯಾನದೊಳಕ್ಕೆ ನಡೆದು ದೊಡ್ಡ ಕಾರಂಜಿಯ ಬಳಿ ನಿಂತರೆ, ಎದುರಿಗೆ ಆರು ಮೆಟ್ಟಿಲುಹೊಲಗಳಂತೆ ಏರುವ ದ್ರಾಕ್ಷಿ ತೋಟ, ಅದರ ನೆತ್ತಿಯ ಮೇಲೆ ಹಳದಿ ಬಣ್ಣದ, ಒಂದೇ ಅಂತಸ್ತಿನ ಅರಮನೆ. ಇಲ್ಲಿ ಮೊದಲು ಬಂದದ್ದು ತೋಟ. ಪ್ರಷ್ಯಾದ ದೊರೆ ಎರಡನೆಯ ಫ್ರೀಡ್ರಿಶ್ 1744ರಲ್ಲಿ ಗುಡ್ಡವನ್ನು ಕಡಿಸಿ ಬಳ್ಳಿ ನೆಡಿಸಿದ, ಮರುವರ್ಷ ಅರಮನೆಯ ಕೆಲಸ ಆರಂಭವಾಗಿ 1747ರಲ್ಲಿ ಮುಗಿಯಿತು. ಪ್ರತಿ ಹಂತದ ಗೋಡೆಯೂ ಬಿಸಿಲನ್ನು ಹಿಡಿದಿಡಲೆಂದು ನಡುವೆ ಒಳಕ್ಕೆ ಬಾಗಿದೆ. ಗೋಡೆಗಳಲ್ಲಿ ಒಟ್ಟು 168 ಗೂಡುಗಳಿದ್ದು, ಅವುಗಳಿಗೆ ಗಾಜಿನ ಬಾಗಿಲುಗಳಿವೆ. ಅವುಗಳ ನಡುವಣ ಗೋಡೆಯ ಮೇಲೆ ಬಳ್ಳಿ, ಗಾಜಿನ ಹಿಂದೆ ಅಂಜೂರ. ನಮ್ಮ ಮನೆಯಲ್ಲಿ ಮೂರು ಎಕರೆ ದ್ರಾಕ್ಷಿ ಇರುವುದರಿಂದ ಇಲ್ಲಿ ನಾನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಳೆದೆ. ಊರಿನಲ್ಲಿ ಆಗ ಸಂಜೆ ನಾಲ್ಕೂವರೆ. ವಿಡಿಯೊ ಕರೆಯಲ್ಲಿ ತೋಟ ತೋರಿಸಿದಾಗ, ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ) ಆಳು ಹುಡುಕುತ್ತಿದ್ದ ಅಪ್ಪ, "ಅಲ್ಲೋ ತಮ್ಮಾ, ಬಳ್ಳಿ ಗ್ವಾಡಿಗೆ ಯಾಕ ಹಬ್ಬಿಸ್ಯಾರ?" ಎಂದು ಕೇಳಿದರು. ಹಗಲು ಬಿಸಿಲು ಕುಡಿದ ಗೋಡೆ ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ, ಇಲ್ಲಿ ಬಿಸಿಲೇ ಅಪರೂಪ ಎಂದು ವಿವರಿಸಿದೆ. ಬೇಸಿಗೆಯಲ್ಲಿ ಬಳ್ಳಿ ಕಾಪಾಡಲು ಹೆಣಗುವ ಅವರಿಗೆ ಬಿಸಿಲನ್ನು ಕೂಡಿಡುವ ಈ ಮಾತು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಈ ಮಾತುಕತೆಯಲ್ಲಿ ಮೈಮರೆತು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ 132 ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದ ಮೇಲೆ ತಿಳಿದದ್ದು, ಪ್ರವೇಶದ ಬಾಗಿಲು ತೋಟದ ಕಡೆಗಿಲ್ಲ, ಅರಮನೆಯ ಹಿಂದೆ ಕಂಬಸಾಲಿನ ಅಂಗಳದಲ್ಲಿದೆ ಎಂಬುದು. ಓಡಿ ಹೋಗಿ ಕೊನೆಯವನಾಗಿ ಸೇರಿಕೊಂಡೆ. ಕೆಳಗಿನಿಂದ ಬರುವವರು ಕಾಲು ಗಂಟೆ ಮುಂಚಿತವಾಗಿಯೇ ಮೆಟ್ಟಿಲು ಹತ್ತುವುದು ಲೇಸು.

ಒಳಗಿನ ಕೋಣೆಗಳು ಬೇಗ ಮುಗಿಯುತ್ತವೆ. ದೊರೆ ಕೊಳಲು ನುಡಿಸುತ್ತಿದ್ದ ಸಂಗೀತ ಕೋಣೆಗಿಂತ, ದೇವದಾರು ಹಲಗೆ ಹೊದಿಸಿದ ದುಂಡನೆಯ ಗ್ರಂಥಾಲಯ ನನಗೆ ಇಷ್ಟವಾಯಿತು. ಹೊರಗೆ ಬಂದು ತೋಟದ ಕಡೆಯ ಬಾಗಿಲುಗಳನ್ನು ನೋಡಿದಾಗ ಒಂದು ವಿಷಯ ಅರ್ಥವಾಯಿತು. ವಾಸ್ತುಶಿಲ್ಪಿ ಕ್ನೋಬೆಲ್ಸ್‌ಡಾರ್ಫ್ ಕಟ್ಟಡವನ್ನು ಎತ್ತರದ ಜಗತಿಯ ಮೇಲೆ ನಿಲ್ಲಿಸೋಣ ಎಂದಿದ್ದ. ಕೋಣೆಯಿಂದ ನೇರವಾಗಿ ತೋಟಕ್ಕೆ ಕಾಲಿಡಬೇಕೆಂದು ದೊರೆ ಒಪ್ಪಲಿಲ್ಲ. ಕೆಳಗಿನ ಕಾರಂಜಿಯ ಬಳಿಯಿಂದ ನೋಡುವಾಗ ಅರಮನೆಯ ಬುಡ ಮಣ್ಣಿನಲ್ಲಿ ಹೂತಂತೆ ಕಾಣುವುದು ಇದೇ ಕಾರಣಕ್ಕೆ.

ತೋಟದ ಮೇಲ್ತುದಿಯಲ್ಲಿ ದೊರೆಯ ಸಮಾಧಿ ಒಂದು ಸಾದಾ ಚಪ್ಪಡಿ. ತನ್ನ ನಾಯಿಗಳ ಪಕ್ಕದಲ್ಲಿ ಮಣ್ಣು ಮಾಡಬೇಕೆಂಬ ಅವನ ಆಸೆ ಈಡೇರಿದ್ದು, ಅವನು ಸತ್ತು 205 ವರ್ಷಗಳಾದ ಮೇಲೆ, 1991ರಲ್ಲಿ. ಆಲೂಗಡ್ಡೆ ಬೆಳೆಯುವಂತೆ ಆತ ಆಜ್ಞೆ ಹೊರಡಿಸಿದ್ದನ್ನು ನೆನೆದು ಜನ ಚಪ್ಪಡಿಯ ಮೇಲೆ ಆಲೂಗಡ್ಡೆ ಇಟ್ಟುಹೋಗುತ್ತಾರೆ. ಅಂದು ಏಳು ಇದ್ದವು.

ಉಳಿದ ಹೊತ್ತನ್ನು ನಾನು ಅರಮನೆಯ ಉತ್ತರಕ್ಕಿರುವ ರುಯಿನೆನ್‌ಬೆರ್ಗ್ ಗುಡ್ಡಕ್ಕೆ ಇಟ್ಟುಕೊಂಡಿದ್ದೆ. ಅದರ ಮೇಲೆ ದುಂಡನೆಯ ನೀರಿನ ಕೊಳ, ಸುತ್ತಲೂ ರೋಮನ್ನರ ಪಾಳು ಕಟ್ಟಡಗಳಂತೆ ಕಾಣಲೆಂದು ಹೊಸದಾಗಿ ಕಟ್ಟಿಸಿದ ಮುರಿದ ಕಂಬಗಳು. (ಹಣ ಕೊಟ್ಟು ಪಾಳು ಕಟ್ಟಿಸುವುದು ನಮ್ಮೂರಿನವರಿಗೆ ಸುಲಭವಾಗಿ ಅರ್ಥವಾಗುವ ಸಂಗತಿಯಲ್ಲ.) ನದಿಯ ನೀರನ್ನು ಗಾಳಿಯಂತ್ರಗಳಿಂದ ಈ ಕೊಳಕ್ಕೆ ಏರಿಸಿ, ಇಲ್ಲಿಂದ ಇಳಿಯುವ ಒತ್ತಡದಲ್ಲಿ ಕಾರಂಜಿ ಚಿಮ್ಮಿಸುವುದು ಯೋಜನೆ. ಆದರೆ ಮರದ ಕೊಳವೆಗಳು ಒತ್ತಡ ತಾಳದೆ ಸಿಡಿದವು. ಫ್ರೀಡ್ರಿಶನ ಕಾಲದಲ್ಲಿ ಈ ಯೋಜನೆ ಕೈಗೂಡಲೇ ಇಲ್ಲ. 1778ರಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್‌ಗೆ ಬರೆದ ಪತ್ರದಲ್ಲಿ ದೊರೆ ಈ ಸೋಲನ್ನು ಗಣಿತಜ್ಞ ಆಯ್ಲರ್‌ನ ಲೆಕ್ಕದ ಮೇಲೆ ಹೊರಿಸಿ, ರೇಖಾಗಣಿತವನ್ನೇ ಹಂಗಿಸಿದ. ನಿಜವೇನೆಂದರೆ, ಕೊಳವೆಗಳು ಆ ಒತ್ತಡ ತಡೆಯಲಾರವೆಂದು ಆಯ್ಲರ್ ಮೊದಲೇ ಎಚ್ಚರಿಸಿದ್ದ. ಆದಿಲ್‌ಶಾಹಿಗಳ ವಿಜಯಪುರದಲ್ಲಿ ಕೊಳವೆಯ ಹಾದಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿ ಒತ್ತಡವನ್ನು ಹಂಚಿದ್ದನ್ನು ಬಾಲ್ಯದಿಂದ ನೋಡಿದ ನಾನು, ಈ ವಿಷಯದಲ್ಲಿ ಗಣಿತಜ್ಞನ ಪಕ್ಷ. ಕೊನೆಗೆ ನೀರು ಇಲ್ಲಿಯವರೆಗೆ ಏರಿದ್ದು 1842ರಲ್ಲಿ, ನಾನು ಬೆಳಗ್ಗೆ ನೋಡಿದ್ದ ಉಗಿಯಂತ್ರದಿಂದ; ಆಗ ಕಾರಂಜಿ 38 ಮೀಟರ್ ಎತ್ತರಕ್ಕೆ ಚಿಮ್ಮಿತಂತೆ.

ಕೊಳದ ಅಂಚಿನಲ್ಲಿ ಕುಳಿತು ಡಬ್ಬಿಯಲ್ಲಿ ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆ. ಬೇರೆ ಪ್ರವಾಸಿಗರು ಯಾರೂ ಅಲ್ಲಿರಲಿಲ್ಲ. ಕೊಳದ ನೀರು ಅಲುಗದೆ ನಿಂತಿತ್ತು, ಕೆಳಗೆ ಮರಗಳ ಸಂದಿನಲ್ಲಿ ಅರಮನೆಯ ಹಿಂಬದಿಯ ಕಂಬಸಾಲು ಕಾಣುತ್ತಿತ್ತು. ಆರು ಗಂಟೆಗೆ ಇಳಿದು ಬಂದು ಬಸ್ಸು ಹತ್ತಿದೆ.