ಮಿಲಿಟ್ರಿಯಿಂದ ಬಂದವರ ಕ್ಯಾಂಪ್ ನೆನಪುಗಳನ್ನು ಬರೆದಿಡುವುದು ಹೇಗೆ

ಮನೆಯಲ್ಲಿ ಮಿಲಿಟ್ರಿಯಿಂದ ರಿಟೈರ್ ಆಗಿ ಬಂದ ಅಪ್ಪನೋ, ಅಜ್ಜನೋ, ಮಾವನೋ ಇದ್ದರೆ, ಅವರ ಹತ್ತಿರ "ಯುದ್ಧದ ಕತೆ ಹೇಳಿ" ಅಂತ ಮಾತ್ರ ಶುರು ಮಾಡಬೇಡಿ. ನಾನು ಹಾಗೇ ಶುರು ಮಾಡಿದ್ದೆ. "ಏನಿರುತ್ತೆ, ಡ್ಯೂಟಿ ಮಾಡಿದ್ವಿ, ಬಂದ್ವಿ" ಅಂದು ಅಪ್ಪ ಪೇಪರ್ ಕೈಗೆ ತೆಗೆದುಕೊಂಡರು. ಎರಡು ವರ್ಷ ಅದಕ್ಕಿಂತ ಜಾಸ್ತಿ ಒಂದು ಮಾತೂ ಹೊರಡಲಿಲ್ಲ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, "ಲೇಹ್‌ನಲ್ಲಿ ನೀವು ಮಲಗ್ತಿದ್ದ ಬ್ಯಾರಕ್‌ನಲ್ಲಿ ಬುಖಾರಿ ಯಾವ ಕಡೆ ಇತ್ತು?" ಅಂತ ಕೇಳಿದೆ. ಸೀಮೆಎಣ್ಣೆ ಹಾಕಿ ಉರಿಸುವ ಆ ಒಲೆ ಎಲ್ಲಿತ್ತು, ಅದರ ಪಕ್ಕದ ಮಂಚ ಯಾರದ್ದು, ಯಾಕೆ ಆ ಮಂಚಕ್ಕೆ ಅಷ್ಟು ಜಗಳ ಆಗುತ್ತಿತ್ತು, ಜಗಳ ಬಿಡಿಸುತ್ತಿದ್ದ ಹವಾಲ್ದಾರ್ ಯಾವ ಊರಿನವರು, ಎಲ್ಲಾ ಬಂತು. ಅನ್ನ ಆರಿ ಹೋಯಿತು.

ಅವತ್ತಿನಿಂದ ನಾನು ಕೇಳುವುದು ಜಾಗದ ಬಗ್ಗೆ ಮಾತ್ರ. ಹಾಸಿಗೆ ಎಲ್ಲಿತ್ತು, ಲಂಗರ್, ಅಂದರೆ ಅಡುಗೆಮನೆ, ಎಷ್ಟು ದೂರ, ಸ್ನಾನಕ್ಕೆ ನೀರು ಎಲ್ಲಿಂದ ತರಬೇಕಿತ್ತು, ಬೆಳಿಗ್ಗೆ ಫಾಲಿನ್ ಆಗುವ, ಅಂದರೆ ಸಾಲಾಗಿ ನಿಲ್ಲುವ, ಮೈದಾನದಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತಿತ್ತು. ಜಾಗ ನೆನಪಾದರೆ ಅಲ್ಲಿದ್ದ ಜನರೂ ನೆನಪಾಗುತ್ತಾರೆ, ಮಿಕ್ಕಿದ್ದೆಲ್ಲ ಅವರ ಹಿಂದೆಯೇ ಬರುತ್ತದೆ. ಅಪ್ಪ ಎಎಸ್‌ಸಿಯಲ್ಲಿ, ಅಂದರೆ ಸೈನ್ಯಕ್ಕೆ ಸಾಮಾನು ಸಾಗಿಸುವ ಆರ್ಮಿ ಸರ್ವೀಸ್ ಕೋರ್‌ನಲ್ಲಿ, ಡ್ರೈವರ್ ಆಗಿದ್ದವರು. 1979ರಲ್ಲಿ ಸೇರಿ, ಬೆಂಗಳೂರಿನ ಎಎಸ್‌ಸಿ ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿ, ಪಠಾಣ್‌ಕೋಟ್, ಲೇಹ್, ಜೋಧಪುರ, ಉತ್ತರ ಬಂಗಾಳದ ಬಿನ್ನಾಗುಡಿ ಅಂತ ಸುತ್ತಿ 1996ರಲ್ಲಿ ಊರಿಗೆ ಬಂದರು. ಕೆಳಗೆ ಬರೆದಿರುವುದೆಲ್ಲ ಅವರ ಜೊತೆ, ಆಮೇಲೆ ನಮ್ಮೂರ ಕಡೆಯ ಇನ್ನೂ ಕೆಲವು ಹಿರಿಯರ ಜೊತೆ ಕೂತು ಕಲಿತದ್ದು.

ಮೊದಲು ಟ್ರಂಕ್ ತೆಗೆಯಿರಿ

ಮಾತಿಗೆ ಮೊದಲು ವಸ್ತು ಬೇಕು. ಅಟ್ಟದ ಮೇಲೆ ಕಪ್ಪು ಟ್ರಂಕ್ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಇಳಿಸಿ, ಧೂಳು ಒರೆಸಿ, ಅವರ ಎದುರಿಗೆ ಇಡಿ. ನಮ್ಮ ಮನೆಯ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹೆಸರು, ಯೂನಿಟ್ ಬರೆದಿದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. "ಹವಾಲ್ದಾರ್" ಅನ್ನುವುದರ ಕೆಳಗೆ ಕಪ್ಪು ಬಣ್ಣ ಉಬ್ಬಿಕೊಂಡಿತ್ತು. ಬೆರಳಲ್ಲಿ ಸವರಿದರೆ ಹಳೇ ಅಕ್ಷರ ತಾಗುತ್ತದೆ, "ನಾಯಕ್" ಅಂತ. ಪ್ರಮೋಷನ್ ಆದಾಗಲೆಲ್ಲ ಮೇಲೆ ಬಣ್ಣ ಹೊಡೆದು ಹೊಸದಾಗಿ ಬರೆಸಿದ್ದರು. "ಇದನ್ನ ಬರೆದವರು ಯಾರು?" ಅಂದೆ. ಪಠಾಣ್‌ಕೋಟ್‌ನಲ್ಲಿ ಅಕ್ಷರ ಚೆನ್ನಾಗಿ ಬರೆಯುತ್ತಿದ್ದ ಒಬ್ಬ ಪೇಂಟರ್ ಇದ್ದನಂತೆ. ಅವನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಆ ಹೆಸರನ್ನು ನಾನು ಜೀವಮಾನದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಮೆಡಲ್‌ಗಳು. ತುಂಬಾ ಮನೆಗಳಲ್ಲಿ ಇವು ದೇವರ ಕೋಣೆಯಲ್ಲೋ ಬೀರುವಿನಲ್ಲೋ ಇರುತ್ತವೆ, ಯಾವುದು ಯಾಕೆ ಸಿಕ್ಕಿತು ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ. ಆದರೆ ಎಲ್ಲೆಲ್ಲಿ ಇದ್ದರು ಅನ್ನುವುದು ಅರ್ಧ ಅದರಲ್ಲೇ ಇದೆ. ಸೈನ್ಯ ಸೇವಾ ಮೆಡಲ್‌ನ ರಿಬ್ಬನ್ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ. ಹಿಮಾಲಯ, ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ) ಹೀಗೆ ಸೇವೆ ಮಾಡಿದ ಪ್ರದೇಶದ ಹೆಸರು ಅದರ ಮೇಲೆ. 1971ರ ಯುದ್ಧದವರಾದರೆ ಪೂರ್ವ ಭಾಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಸಿಯಾಚಿನ್‌ನಲ್ಲಿ ಇದ್ದವರಿಗೆ ಅದರದ್ದೇ ಬೇರೆ ಮೆಡಲ್. ಅಂಚಿನಲ್ಲಿ ನಂಬರ್, ಹೆಸರು ಕೊರೆದಿರುತ್ತದೆ, ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹೊಳಪು ಬರುತ್ತೆ ಅಂತ ತಿಕ್ಕುತ್ತಾ ಹೋದರೆ ಆ ಅಕ್ಷರ ಸವೆದು ಹೋಗುತ್ತದೆ.

ಡಿಸ್ಚಾರ್ಜ್ ಬುಕ್ ಸಿಕ್ಕರೆ ಸೇರಿದ ತಾರೀಖು, ಬಿಟ್ಟ ತಾರೀಖು ಸರಿಯಾಗಿ ಸಿಗುತ್ತದೆ. ಹಳೇ ಕಾಗದಗಳಲ್ಲಿ ಮಾತ್ರ ಒಂದು ತೊಡಕು ಇದೆ. ಅಮ್ಮ ಬರೆದ ಇನ್‌ಲ್ಯಾಂಡ್‌ಗಳ ಮೇಲೆಲ್ಲ "56 ಎಪಿಒ" ಅಂತಲೇ ವಿಳಾಸ, ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. ಪೂರ್ವದ ಕಡೆ ಇದ್ದಾಗ "99 ಎಪಿಒ". ಜಾಗ ಯಾರಿಗೂ ಗೊತ್ತಾಗಬಾರದು ಅಂತಲೇ ಹಾಗೆ ಮಾಡಿದ್ದು, ಹಾಗಾಗಿ ವಿಳಾಸ ನೋಡಿ ಊರು ಹುಡುಕಲು ಆಗುವುದಿಲ್ಲ. ಅವರು ಮನೆಗೆ ಬರೆದ ಕಾಗದಗಳಿದ್ದರೆ ತಾರೀಖು ನೋಡಿ, ಒಳಗೆ ಬರೆದಿರುವುದನ್ನು ಅವರಿಗೇ ಓದಿ ಹೇಳಿ. "ಇಲ್ಲಿ ಚಳಿ ಜಾಸ್ತಿ, ಕೈ ಒಡೆದಿದೆ" ಅನ್ನುವ ಒಂದು ಸಾಲು ಸಾಕು, ಯಾವ ಕ್ಯಾಂಪ್ ಅಂತ ಅವರೇ ಹೇಳುತ್ತಾರೆ.

ಅಂಗಳದಲ್ಲಿ ಮರಳು ಹಾಕಿ

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಸೈನ್ಯದಲ್ಲಿ ಯಾವುದೇ ಕೆಲಸಕ್ಕೆ ಹೊರಡುವ ಮುಂಚೆ ನೆಲದ ಮೇಲೆ ಮರಳು ಮಣ್ಣಿನಲ್ಲಿ ಗುಡ್ಡ, ದಾರಿ, ಹಳ್ಳ ಎಲ್ಲಾ ಮಾಡಿ ತೋರಿಸಿ ವಿವರಿಸುವ ಪದ್ಧತಿ ಇದೆ, ಸ್ಯಾಂಡ್ ಮಾಡೆಲ್ ಅನ್ನುತ್ತಾರೆ. ಕಾಗದ ಪೆನ್ನು ಕೊಟ್ಟರೆ "ನನಗೆ ಡ್ರಾಯಿಂಗ್ ಬರಲ್ಲ" ಅನ್ನುವವರು ಮರಳು ಕಂಡರೆ ತಾವೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಎರಡು ಬಾಂಡ್ಲಿ ಮರಳು, ಒಂದು ಕೋಲು, ಸ್ವಲ್ಪ ಸುಣ್ಣದ ಪುಡಿ, ಒಂದು ಹಿಡಿ ಅಡಿಕೆ. ಅಷ್ಟೇ ಬೇಕಾಗಿರುವುದು.

ಅಪ್ಪ ಮಾಡಿದ್ದು ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ. ಸುಣ್ಣದಲ್ಲಿ ದಾರಿ ಎಳೆದರು, ಮರಳು ಗುಪ್ಪೆ ಮಾಡಿ ಜೋಜಿ ಲಾ ಅಂದರು, ಆಚೆ ಒಂದು ಅಡಿಕೆ ಇಟ್ಟು ದ್ರಾಸ್, ಇನ್ನೊಂದು ಇಟ್ಟು ಕಾರ್ಗಿಲ್. ಜೋಜಿ ಲಾ ಸುಮಾರು 3,500 ಮೀಟರ್ ಎತ್ತರ, ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತಿತ್ತು, ದಾರಿ ತೆರೆದಿರುವ ಕೆಲವೇ ತಿಂಗಳಲ್ಲಿ ವರ್ಷಕ್ಕೆ ಬೇಕಾದ ಸಾಮಾನು ಲೇಹ್‌ಗೆ ಮುಟ್ಟಿಸಬೇಕಿತ್ತು. ಇದು ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದೇ ಇರುವುದನ್ನು ಅವರು ಬೆಂಕಿಕಡ್ಡಿ ಸಾಲಾಗಿ ಇಟ್ಟು ತೋರಿಸಿದರು. ಕಾನ್ವಾಯ್‌ನಲ್ಲಿ ತಮ್ಮ ಶಕ್ತಿಮಾನ್ ಲಾರಿ ಎಷ್ಟನೆಯದು, ಮುಂದಿನ ಲಾರಿಯ ಡ್ರೈವರ್ ಯಾರು, ಯಾವ ತಿರುವಿನಲ್ಲಿ ರಿವರ್ಸ್ ಹೊಡೆದು ಮತ್ತೆ ತಿರುಗಿಸಬೇಕಿತ್ತು. ರಾತ್ರಿ ರೇಡಿಯೇಟರ್ ನೀರು ಪೂರ್ತಿ ಇಳಿಸಿ ಮಲಗಬೇಕಂತೆ. ಮರೆತವನು ಒಬ್ಬನಿದ್ದನಂತೆ. ಬೆಳಿಗ್ಗೆ ಆ ಗಾಡಿಗೆ ಏನಾಯಿತು ಅಂತ ಹೇಳುವಾಗ ಅಪ್ಪನ ಕೈ ಸ್ಟೇರಿಂಗ್ ಹಿಡಿದ ಹಾಗೇ ಇತ್ತು.

ಮೇಲಿನಿಂದ ಫೋಟೋ ತೆಗೆಯಿರಿ, ಮಹಡಿ ಇದ್ದರೆ ಮಹಡಿಯಿಂದ, ಇಲ್ಲದಿದ್ದರೆ ಸ್ಟೂಲ್ ಹತ್ತಿ. ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಪಕ್ಕದಲ್ಲಿ ಇಟ್ಟುಬಿಡಿ, ಕೈಯಲ್ಲಿ ಹಿಡಿದು ಮುಖಕ್ಕೆ ಒಡ್ಡಬೇಡಿ. ವಿಡಿಯೋ ಬೇಡ ಅನ್ನುವುದು ನನ್ನ ಅನುಭವ, ಕ್ಯಾಮೆರಾ ಕಂಡರೆ ಶರ್ಟ್ ಬದಲಾಯಿಸಿ ಬಂದು ಭಾಷಣ ಶುರು ಮಾಡುತ್ತಾರೆ.

ಇಸವಿ ಮರೆತಿದ್ದರೆ

"ಯಾವ ಇಸವಿ?" ಅಂತ ಪದೇ ಪದೇ ಕೇಳಬೇಡಿ, ಬೇಜಾರಾಗುತ್ತದೆ. ಬೇರೆ ದಾರಿ ಇದೆ. ಯಾವ ರೈಫಲ್ ಕೊಟ್ಟಿದ್ದರು ಅಂತ ಕೇಳಿ. ತ್ರೀ ನಾಟ್ ತ್ರೀ ಅಂದರೆ 1962ರ ಆಸುಪಾಸಿನವರು, ಎಸ್‌ಎಲ್‌ಆರ್ ಅಂದರೆ ಅದಾದ ಮೇಲಿನವರು, ಇನ್ಸಾಸ್ ಅಂದರೆ ಕಾರ್ಗಿಲ್ ಕಾಲದವರು ಅಥವಾ ಆಮೇಲಿನವರು. ಕಾಶ್ಮೀರಕ್ಕೆ ಹೋಗುವಾಗ ರೈಲು ಎಲ್ಲಿ ಇಳಿದಿರಿ ಅಂತ ಕೇಳಿ. ದೇಶ ವಿಭಜನೆ ಆದ ಮೇಲೆ ಜಮ್ಮುವಿಗೆ ಮತ್ತೆ ರೈಲು ಬಂದದ್ದು 1972ರಲ್ಲಿ. ನಮ್ಮೂರಿನ ಸುಬೇದಾರ್ ಸಾಬ್ ಒಬ್ಬರು ಮೊದಲ ಸಲ ಹೋದಾಗ ಪಠಾಣ್‌ಕೋಟ್‌ನಲ್ಲೇ ಇಳಿದು ಲಾರಿ ಹತ್ತಿದ್ದರು, ಅಷ್ಟರಿಂದಲೇ ಅವರ ಆ ಪೋಸ್ಟಿಂಗ್ ಜಮ್ಮು ರೈಲಿಗಿಂತ ಮುಂಚಿನದ್ದು ಅಂತ ಗೊತ್ತಾಯಿತು. ಅರುಣಾಚಲಕ್ಕೆ ಆ ಹೆಸರು ಬಂದದ್ದೂ 1972ರಲ್ಲೇ, ಅದಕ್ಕೆ ಮುಂಚೆ ಇದ್ದವರು ಇವತ್ತಿಗೂ ನೇಫಾ ಅಂತಲೇ ಅನ್ನುತ್ತಾರೆ. ತಿದ್ದಬೇಡಿ, ಅವರು ಹೇಳಿದ ಹೆಸರನ್ನೇ ಬರೆದು ಪಕ್ಕದಲ್ಲಿ ಈಗಿನ ಹೆಸರು ಹಾಕಿ. ಶ್ರೀಲಂಕಾಕ್ಕೆ ಹೋಗಿದ್ದವರಾದರೆ ಸುಲಭ, ಶಾಂತಿಪಡೆ ಅಲ್ಲಿದ್ದದ್ದು 1987ರಿಂದ 1990ರ ಮಾರ್ಚ್‌ವರೆಗೆ.

ಅಪ್ಪನಿಗೆ ನೆನಪಿಲ್ಲದ್ದು ಅಮ್ಮನಿಗೆ ಇರುತ್ತದೆ. ನಮ್ಮಮ್ಮ ಜೋಧಪುರದ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ ಇದ್ದವರು. ಊರಿಂದ ರಾಗಿಹಿಟ್ಟು ಟ್ರಂಕಿನಲ್ಲಿ ತುಂಬಿಕೊಂಡು ಹೋಗಿದ್ದು, ಪಕ್ಕದ ಮನೆಯ ಗಢವಾಲಿ ಹೆಂಗಸಿನಿಂದ ಹಿಂದಿ ಕಲಿತದ್ದು, ಮರಳು ಗಾಳಿ ಎದ್ದರೆ ಕಿಟಕಿಗೆ ಒದ್ದೆ ಸೀರೆ ಕಟ್ಟುತ್ತಿದ್ದದ್ದು ಅವರ ಬಾಯಿಂದಲೇ ಕೇಳಬೇಕು. ಅಮ್ಮನ ಜೊತೆ ಬೇರೆಯಾಗಿ ಕೂರಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಅಮ್ಮ ಸುಮ್ಮನಾಗಿಬಿಡುತ್ತಾರೆ.

ಇನ್ನೊಬ್ಬರು ಬೇಕು

ಒಬ್ಬರೇ ಇದ್ದಾಗ ಬರುವ ನೆನಪೇ ಬೇರೆ, ಅದೇ ಕ್ಯಾಂಪಿನಲ್ಲಿ ಇದ್ದ ಇನ್ನೊಬ್ಬರು ಎದುರಿಗೆ ಕೂತಾಗ ಬರುವುದೇ ಬೇರೆ. ಅವರನ್ನು ಹುಡುಕುವುದು ಕಷ್ಟವಲ್ಲ. ಮಿಲಿಟ್ರಿ ಕ್ಯಾಂಟೀನ್‌ಗೆ ಹೋಗುವ ದಿನ ನೀವೂ ಜೊತೆಗೆ ಹೋಗಿ. ಮಾಜಿ ಸೈನಿಕರ ಇಸಿಎಚ್‌ಎಸ್ ಆಸ್ಪತ್ರೆಯ ಬೆಂಚು, ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರಕ್ಕೆ ಕಾಯುವ ಸಾಲು, ಇಲ್ಲೆಲ್ಲ ಮೊದಲ ಪ್ರಶ್ನೆಯೇ "ಯಾವ ಯೂನಿಟ್?" ಅಂತ ಇರುತ್ತದೆ. ಬೆಳಗಾವಿ ಕಡೆಯವರಾದರೆ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಅಲ್ಲೇ ಇದೆ, ಮದ್ರಾಸ್ ರೆಜಿಮೆಂಟಿನವರಿಗೆ ಊಟಿ ಹತ್ತಿರದ ವೆಲ್ಲಿಂಗ್ಟನ್, ಬೆಂಗಳೂರಿನ ಹಲಸೂರಿನಲ್ಲಿರುವ ಎಂಇಜಿಯವರು (ಮದ್ರಾಸ್ ಎಂಜಿನಿಯರ್ ಗ್ರೂಪ್) ಒಬ್ಬರನ್ನೊಬ್ಬರು ಇವತ್ತಿಗೂ "ತಂಬಿ" ಅನ್ನುತ್ತಾರೆ. ಟ್ರೇನಿಂಗ್ ಒಂದೇ ಕಡೆ ಆಗಿದ್ದರೂ ಸಾಕು, ಉಸ್ತಾದ್ ಕೊಟ್ಟ ಪನಿಶ್‌ಮೆಂಟ್ ನೆನಪಿಸಿಕೊಳ್ಳುತ್ತಾ ಸಂಜೆ ಆಗಿಬಿಡುತ್ತದೆ.

ನಾನು ಅಪ್ಪನ ಜೊತೆ ಲೇಹ್‌ನಲ್ಲಿ ಇದ್ದ ಒಬ್ಬರನ್ನು ಮನೆಗೆ ಕರೆದಿದ್ದೆ. ಲಂಗರ್ ಗೇಟಿನ ಎಡಗಡೆ ಇತ್ತೋ ಬಲಗಡೆ ಇತ್ತೋ ಅಂತ ಶುರುವಾಯಿತು. ಕಾಫಿ ಲೋಟಗಳೆಲ್ಲ ಬ್ಯಾರಕ್ ಆದವು, ಚಕ್ಕುಲಿ ತಟ್ಟೆ ಗಾಡಿ ನಿಲ್ಲಿಸುವ ಎಂಟಿ ಪಾರ್ಕ್ ಆಯಿತು. ನಡುವೆ ಬಾಯಿ ಹಾಕಬೇಡಿ. ಇಬ್ಬರಲ್ಲಿ ಯಾರು ಸರಿ ಅಂತ ಫೋನ್ ತೆಗೆದು ಹುಡುಕಬೇಡಿ. ಎರಡನ್ನೂ ಬರೆದುಕೊಳ್ಳಿ.

ಕೆಲವು ಕಡೆ ಮಾತು ನಿಲ್ಲುತ್ತದೆ. ಒಂದು ಹೆಸರು ಹೇಳಿ, ಆಮೇಲೆ ಬೇರೆ ಕಡೆ ನೋಡುತ್ತಾರೆ. ಆಗ ರೆಕಾರ್ಡರ್ ಆಫ್ ಮಾಡಿ, ನೀರು ತಂದು ಕೊಡಿ, ದನ ಕಟ್ಟೋಣ ಅಂತ ಎಬ್ಬಿಸಿಕೊಂಡು ಹೋಗಿ. "ಆಮೇಲೆ ಏನಾಯ್ತು" ಅಂತ ಕೇಳುವ ಹಕ್ಕು ನಮಗಿಲ್ಲ. ನಮ್ಮ ದೊಡ್ಡಪ್ಪನೂ ಸೈನ್ಯದಲ್ಲಿದ್ದವರು. ಅವರು ಬದುಕಿದ್ದಾಗ ನಾನು ಏನೂ ಕೇಳಲೇ ಇಲ್ಲ, ಅದು ಈಗಲೂ ನನಗೆ ನೋವು. ಆದರೂ ಆ ಅವಸರವನ್ನು ಅಪ್ಪನ ಮೇಲೆ ಹೇರಬಾರದು ಅಂತ ಎಚ್ಚರ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು, ಇದು ಮುಖ್ಯ. ಈ ಕ್ಯಾಂಪ್‌ಗಳಲ್ಲಿ ಎಷ್ಟೋ ಈಗಲೂ ನಡೆಯುತ್ತಿವೆ. ನಕ್ಷೆ, ಗೇಟು, ಮದ್ದುಗುಂಡು ಇಡುವ ಜಾಗ ಇದೆಲ್ಲ ವಾಟ್ಸಾಪ್ ಗ್ರೂಪಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ, ಮನೆಯ ನೋಟ್‌ಬುಕ್ಕಿನಲ್ಲೇ ಇರಲಿ. ಸರ್ವೀಸ್ ನಂಬರ್, ಪೆನ್ಷನ್ನಿನ ಪಿಪಿಒ ನಂಬರ್ ಕಾಣುವ ಫೋಟೋವನ್ನೂ ಹಂಚಬೇಡಿ. ಪೆನ್ಷನ್‌ದಾರರಿಗೆ ಮೋಸದ ಫೋನ್ ಬರುವುದು ನಿಮಗೂ ಗೊತ್ತು.

ರೆಕಾರ್ಡಿಂಗನ್ನು ಅದೇ ದಿನ ಇನ್ನೆರಡು ಕಡೆ ಕಾಪಿ ಮಾಡಿ. ನನ್ನ ಫೋನ್ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಎಲ್ಲಾ ಅಳಿಸಿಬಿಟ್ಟರು, ಬಿನ್ನಾಗುಡಿಯ ಮೂರು ಸಂಜೆಯ ಮಾತು ಹೋಯಿತು. ಆಮೇಲೆ ಕೂತು ಬರೆಯಿರಿ, ಅವರು ಆಡಿದ ಹಾಗೇ, "ಛುಟ್ಟಿ" ಅಂದಿದ್ದರೆ ಛುಟ್ಟಿ ಅಂತಲೇ. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ. ಎಡಪುಟದಲ್ಲಿ ಬರಹ, ಬಲಪುಟ ಪೂರ್ತಿ ಖಾಲಿ, ಅದರ ಜೊತೆ ಒಂದು ಪೆನ್ಸಿಲ್ ಕೊಟ್ಟುಬಿಡಿ. ನಾನು ಕೊಟ್ಟ ಪ್ರತಿಯ ಬಲಪುಟಗಳು ಈಗ ಮುಕ್ಕಾಲು ತುಂಬಿವೆ. ಮೊನ್ನೆ ನೋಡಿದರೆ ಲಂಗರ್ ಇದ್ದ ಜಾಗವನ್ನು ಅಪ್ಪ ಹೊಡೆದುಹಾಕಿ, ಗೇಟಿನ ಬಲಗಡೆ ಅಂತ ತಿದ್ದಿದ್ದಾರೆ.