ಐ-20 ಕೈಗೆ ಬಂತಾ? ಮೊದಲು ಆ ನಂಬರ್ ನೋಡಿ

ತುಮಕೂರಿನಿಂದ ಅಮೆರಿಕಕ್ಕೆ ಓದಲು ಬರುವವರಲ್ಲಿ ಇಂಜಿನಿಯರುಗಳೇ ಜಾಸ್ತಿ. ಹಾಗಾಗಿ ನಮ್ಮ ಕಿವಿಗೆ ಬೀಳುವ ಸಲಹೆಗಳೂ ಅವರವೇ. "ಓದು ಮುಗಿದ ಮೇಲೆ ಮೂರು ವರ್ಷ ಕೆಲಸ ಮಾಡಬಹುದು, ಯೋಚ್ನೆ ಬಿಡಪ್ಪ" ಅಂತ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಗೆಳೆಯನ ಅಣ್ಣ ನನಗೂ ಹೇಳಿದ್ದರು. ಅವರು ಓದಿದ್ದು ಕಂಪ್ಯೂಟರ್ ಸೈನ್ಸ್. ನಾನು ಹೊರಟಿದ್ದು ರಾಜ್ಯಶಾಸ್ತ್ರಕ್ಕೆ. ಇಬ್ಬರಿಗೂ ಆ ವ್ಯತ್ಯಾಸ ಹೊಳೆಯಲಿಲ್ಲ.

ವಿಷಯ ಇಷ್ಟು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ನಿಮ್ಮ ಕೋರ್ಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಕೇಳಬಹುದು. ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ತಿಳಿಯಲು ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಐ-20 ಪತ್ರದ ಮೊದಲ ಪುಟ ತೆಗೆಯಿರಿ. ಕೋರ್ಸ್ ಹೆಸರಿನ ಜೊತೆ ಆರಂಕಿಯ ಸಿಐಪಿ ಕೋಡ್, ಅಂದರೆ ಆ ವಿಷಯವನ್ನು ಗುರುತಿಸುವ ಸರ್ಕಾರಿ ಸಂಖ್ಯೆ, ಇರುತ್ತದೆ. ಸಾಮಾನ್ಯ ರಾಜ್ಯಶಾಸ್ತ್ರಕ್ಕೆ 45.1001. ಇದು ಪಟ್ಟಿಯಲ್ಲಿಲ್ಲ. ಸಮಾಜ ವಿಜ್ಞಾನದ ಸಂಶೋಧನಾ ವಿಧಾನ, ಅಂಕಿಅಂಶಗಳ ಕೋರ್ಸಿಗೆ 45.0102. ಇದು 2022ರಲ್ಲಿ ಪಟ್ಟಿಗೆ ಸೇರಿತು. ತರಗತಿಯಲ್ಲಿ ಪಾಠ ಹೆಚ್ಚು ಕಡಿಮೆ ಒಂದೇ ಇದ್ದರೂ ಕೋಡ್ ಬೇರೆಯಾದರೆ ಎರಡು ವರ್ಷ ಹೋಯಿತು! ಸೀಟು ಒಪ್ಪಿಕೊಳ್ಳುವ ಮೊದಲೇ ವಿಭಾಗಕ್ಕೆ ಮೇಲ್ ಹಾಕಿ ಕೇಳಿ. ಸಂಕೋಚ ಬೇಡ, ಇಲ್ಲಿ ಇದನ್ನು ಎಲ್ಲರೂ ಕೇಳುತ್ತಾರೆ.

ಓಪಿಟಿ ಅರ್ಜಿ ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದೊಳಗೆ ಹೋಗಬೇಕು. ಓಪಿಟಿ ಶುರುವಾದ ಮೇಲೆ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ ಮಾತ್ರ. ನಿಯಮಗಳು ಆಗಾಗ ಬದಲಾಗುತ್ತವೆ, ಅದಕ್ಕೆ ಕೊನೆಯ ಮಾತು ನಿಮ್ಮ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನದ್ದು. ಊರಿನ ವಾಟ್ಸಾಪ್ ಗ್ರೂಪಿನದ್ದಲ್ಲ.

ಪಿಎಚ್‌ಡಿ ಮಾಡಿ ಪಾಠ ಹೇಳುವ ಆಸೆ ಇದ್ದರೆ ಎಪಿಎಸ್‌ಎಗೆ ವಿದ್ಯಾರ್ಥಿ ದರದಲ್ಲಿ ಸದಸ್ಯರಾಗಿ. 1903ರಲ್ಲಿ ಹುಟ್ಟಿದ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘ ಅದು. ಅವರ ಉದ್ಯೋಗ ಪಟ್ಟಿ ಇ-ಜಾಬ್ಸ್‌ನಲ್ಲಿ ಮುಂದಿನ ವರ್ಷದ ಹುದ್ದೆಗಳು ಹಿಂದಿನ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬರತೊಡಗುತ್ತವೆ. ಥೀಸಿಸ್ ಮುಗಿಸಿ ಆಮೇಲೆ ನೋಡೋಣ ಅಂದರೆ ಒಂದು ವರ್ಷ ಸುಮ್ನೆ ಕೂರಬೇಕಾಗುತ್ತದೆ. ಬಹುತೇಕ ಯೂನಿವರ್ಸಿಟಿ ಕೆಲಸಕ್ಕೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯ ಕಾಟ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕೆಲಸಗಳು ಬಹುತೇಕ ಇಲ್ಲಿನ ನಾಗರಿಕರಿಗೇ, ಆ ಕನಸು ಬೇಡ.

ದುಡ್ಡಿನದ್ದೂ ಒಂದು ಮಾತು. ಟಿಎ, ಅಂದರೆ ಪ್ರೊಫೆಸರಿಗೆ ಪಾಠದಲ್ಲಿ ನೆರವಾಗುವ ವಿದ್ಯಾರ್ಥಿಯ ಸಂಬಳ ಹಲವು ಕಡೆ ಒಂಬತ್ತು ತಿಂಗಳಿಗೆ ಮಾತ್ರ. ಬೇಸಿಗೆಯ ಬಾಡಿಗೆ ಎಲ್ಲಿಂದ ಅಂತ ಜನವರಿಯಲ್ಲೇ ಕೇಳಿಡಿ.

ಇನ್ನು ಆಫೀಸ್ ಅವರ್ಸ್, ಅಂದರೆ ಪ್ರೊಫೆಸರು ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಎರಡು ಗಂಟೆ. ನಮ್ಮ ಕಾಲೇಜಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಮೇಷ್ಟ್ರು ತಲೆ ಎತ್ತುವವರೆಗೆ ಕಾಯುತ್ತಿದ್ದೆವು, ಅಲ್ವಾ? ಇಲ್ಲೂ ಮೊದಲ ವಾರ ಹಾಗೇ ನಿಂತೆ. "ಯಾರನ್ನಾದರೂ ಹುಡುಕುತ್ತಿದ್ದೀರಾ?" ಅಂದರು ಪ್ರೊಫೆಸರು. ಆ ಎರಡು ಗಂಟೆ ವಿದ್ಯಾರ್ಥಿಗಳಿಗೆ ಅಂತಲೇ ತೆಗೆದಿಟ್ಟದ್ದು. ಒಳಗೆ ಹೋಗಿ ಕೂತುಬಿಡಿ, ಆದರೆ ಬರಿಗೈಲಿ ಹೋಗಬೇಡಿ. ಕೆಲಸಕ್ಕೆ ಬರೆದ ಅರ್ಜಿ ಪತ್ರ ಹಿಡಿದು ನಾನು ಹೋದಾಗ ಅವರು ಪೆನ್ನು ತೆಗೆದು, ವಿನಯ ತುಂಬಿ ತುಳುಕುತ್ತಿದ್ದ ಮೊದಲ ಪ್ಯಾರಾ ಪೂರ್ತಿ ಹೊಡೆದು ಹಾಕಿದರು. "ಎರಡನೆಯದರಿಂದ ಶುರು ಮಾಡು" ಅಂದರು.